ಅತ್ತೆ ಚಾಚಿದ ಕೈಗಳು

ರಾಣೆಬೆನ್ನೂರಿನ ಒಂದು ಓಣಿಯಲ್ಲಿ ನಾಗವೇಣಿ ಅಂತ ಒಬ್ಬ ಹೆಣ್ಣುಮಗಳು... ವಯಸ್ಸು ಮೂವತ್ತೈದೂ ದಾಟಿರಲಿಲ್ಲ.

ಮನೆಯಲ್ಲೇ ಟೇಲರಿಂಗ್. ಅವಳು ಹೊಲಿದ ಬ್ಲೌಸ್‌ಗೆ ಹೆಸರು ಇಡೋರೇ ಇರಲಿಲ್ಲ.

ಆದರೆ ಯುಗಾದಿ ಕಳೆದ ಮೇಲೆ ಏನೋ ಆಯಿತು... ಬೆಳಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಬಾರದು. ಗಂಟುಗಳು ಊದಿ ಬಿಸಿಯಾಗಿರುತ್ತಿದ್ದವು.

ಬಿಸಿಲೇರಿದ ಮೇಲಷ್ಟೇ ಕೈ ಸ್ವಲ್ಪ ಸಡಿಲ.

ಪಕ್ಕದ ಮನೆಯವರು ಎಣ್ಣೆ ಕೊಟ್ಟರು. ಗಂಡ ಶಿವಾನಂದ ಮೆಡಿಕಲ್ ಶಾಪಿನಿಂದ ಮಾತ್ರೆ ತಂದ. ನುಂಗಿದಾಗ ಆರಾಮ... ಆಮೇಲೆ ಮತ್ತೆ ಅದೇ.

ಅವಳಿಗೆ ನೋವಿಗಿಂತ ಅತ್ತೆಯ ಭಯವೇ ಹೆಚ್ಚು. ಗುರುಸಿದ್ದವ್ವ ಕಮ್ಮಿ ಮಾತಿನ, ಬಿಗಿ ಮುಖದ ಹೆಂಗಸು. ಸೊಸೆ ಮೈಗಳ್ಳಿ ಅಂದುಕೊಂಡರೆ?

ಒಂದು ಮುಂಜಾನೆ ಹಾಲಿನ ಪಾತ್ರೆ ಕೈ ಜಾರಿತು.

"ತಪ್ಪಾತ್ರಿ ಅತ್ತಿ..." ಅಂದಳು.

ಅತ್ತೆ ಬಯ್ಯಲಿಲ್ಲ. ಸೊಸೆಯ ಬೆರಳಿನ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅವತ್ತೇ ಊರಿನ ಡಾಕ್ಟರ್ ಹತ್ತಿರ ಕರೆದೊಯ್ದರು.

"ಹುಬ್ಬಳ್ಳಿಯಲ್ಲಿ ರುಮಟಾಲಜಿಸ್ಟ್‌ಗೆ ತೋರಿಸಿ. ಕೀಲುಗಳ ಕಾಯಿಲೆ ನೋಡೋ ಸ್ಪೆಷಲಿಸ್ಟ್ ಅವರು" ಅಂದರು ಡಾಕ್ಟರ್.

ಮನೆಗೆ ಬಂದ ಮೇಲೆ ಶಿವಾನಂದ ತಾಯಿಯನ್ನು ಕೇಳಿದ, "ಎಣ್ಣಿ ತಿಕ್ಕಿದ್ರ ಹೋಗ್ತದ. ಅಷ್ಟು ದೂರ ಯಾಕಬೇ?"

ಗುರುಸಿದ್ದವ್ವ ಸೆರಗಿನೊಳಗಿಂದ ತಮ್ಮ ಎರಡೂ ಕೈ ತೆಗೆದು ಮಗನ ಮುಂದೆ ಚಾಚಿದರು... ಬೆರಳುಗಳೆಲ್ಲ ಒಂದು ಕಡೆಗೆ ಸೊಟ್ಟಗಾಗಿದ್ದವು.

"ನನಗೂ ಈಕಿ ವಯಸ್ಸಿನ್ಯಾಗ ಹಿಂಗ ಸುರುವಾತು. ವಾಯು ಅಂದ್ರು, ಎಣ್ಣಿ ಕೊಟ್ರು. ನಾನೂ ಬಾಯಿ ಬಿಡಲಿಲ್ಲ... ಈಕಿ ಕೈ ಹಿಂಗಾಗೂದು ಬ್ಯಾಡ."

ಹುಟ್ಟಿದಾಗಿನಿಂದ ಆ ಕೈಯಿಂದಲೇ ಉಂಡಿದ್ದ ಶಿವಾನಂದ... ಒಮ್ಮೆಯೂ ಅವನ್ನು ಸರಿಯಾಗಿ ನೋಡಿರಲಿಲ್ಲ. ತಲೆ ತಗ್ಗಿಸಿ ಬಸ್ಸಿನ ಟೈಮ್ ಕೇಳಲು ಹೊರಟ.

ಹುಬ್ಬಳ್ಳಿಯ ಲೇಡಿ ಡಾಕ್ಟರ್ ರಕ್ತ ಪರೀಕ್ಷೆ, ಎಕ್ಸ್-ರೇ ಎಲ್ಲ ನೋಡಿದರು.

"ಇದು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಿನ ಸವೆತ ಅಲ್ಲ. ದೇಹ ಕಾಯಬೇಕಾದ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬಿದ್ದಿದೆ. ಬೆಳಗ್ಗೆ ಅರ್ಧ ತಾಸಿಗಿಂತ ಹೆಚ್ಚು ಬಿಗಿತ, ಕೀಲುಗಳಲ್ಲಿ ಊತ, ವಾರಗಟ್ಟಲೆ ನೋವು ಇದ್ರೆ ಕಾಯಬಾರದು. ನೀವು ಬೇಗ ಬಂದಿರಿ, ಕೈ ಉಳಿಸ್ಕೋಬಹುದು."

ಆಮೇಲೆ ಅವರು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಕೈನೂ ಕೊಡಿ."

"ನಂದೇನ್ ಬಿಡ್ರಿ... ಮುಗಿದ ಕಥಿ."

"ಬೆರಳು ಮೊದಲಿನ ಹಾಗೆ ನೆಟ್ಟಗಾಗಲಿಕ್ಕಿಲ್ಲ. ಆದ್ರೆ ನೋವು ಕಮ್ಮಿ ಮಾಡಬಹುದು."

ಗುರುಸಿದ್ದವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೈ ಕೊಟ್ಟರು...

ಔಷಧಿ ಹಿಡಿಯಲು ಕೆಲವು ವಾರ ಬೇಕಾಯಿತು. ಇಬ್ಬರೂ ಬಿಡದೆ ತೆಗೆದುಕೊಂಡರು, ಕರೆದಾಗೆಲ್ಲ ಚೆಕಪ್‌ಗೆ ಒಟ್ಟಿಗೇ ಹೋದರು. ನಾಗವೇಣಿಯ ಹೊಲಿಗೆ ಮತ್ತೆ ಶುರುವಾಯಿತು.

ಮುಂದಿನ ನಾಗರ ಪಂಚಮಿಗೆ ಮನೆಗೆ ಬಳೆಗಾರ ಬಂದ. ಕೈ ಒತ್ತಿದರೆ ಜೀವ ಹೋಗುತ್ತದೆಂದು ಎಷ್ಟೋ ವರ್ಷದಿಂದ ಬಳೆಯ ಆಸೆ ಬಿಟ್ಟಿದ್ದ ಗುರುಸಿದ್ದವ್ವ, ಅಂದು ತಾವೇ ಮುಂದೆ ಬಂದು ಕೂತರು.

"ದೊಡ್ಡ ಅಳತಿದು ಕೊಡಪಾ... ಗಂಟು ದಾಟಬೇಕಲ್ಲ."

ಹಸಿರು ಬಳೆ ಮೆಲ್ಲಗೆ ಗಂಟು ದಾಟಿತು. ಅತ್ತೆ ಅಷ್ಟು ಹಗುರಾಗಿ ನಕ್ಕಿದ್ದನ್ನು ನಾಗವೇಣಿ ನೋಡಿದ್ದು ಅದೇ ಮೊದಲು...

ನೋವು ನುಂಗಿಕೊಳ್ಳೋದು ತಾಳ್ಮೆಯಲ್ಲ; ಸಮಯಕ್ಕೆ ಸರಿಯಾದ ಡಾಕ್ಟರ್‌ಗೆ ತೋರಿಸೋದೇ ಜಾಣತನ.

ನಿಮ್ಮ ಮನೆಯಲ್ಲಿ ಬೆಳಗ್ಗೆ ಎದ್ದು ಬೆರಳು ಮಡಚಲು ಒದ್ದಾಡುವವರು ಯಾರಾದರೂ ಇದ್ದಾರಾ... ಅವರ ಕೈ ಹಿಡಿದು ಒಮ್ಮೆಯಾದರೂ ನೋಡಿದ್ದೀರಾ?