ಖಾಲಿ ಡಬ್ಬಿ ಮರಳಿಸಬಾರದು

ನಮ್ಮ ಓಣಿಯಲ್ಲಿ ಸಾವಿನ ಮನೆಗೆ ನೆರೆಯವರು ಊಟ ಒಯ್ಯುತ್ತಾರೆ. ಖಾಲಿ ಡಬ್ಬಿ ಮರಳಿಸಬಾರದೆಂದು ಆ ಮನೆಯವರು ಅದರಲ್ಲಿ ಒಂದು ಸೌಟು ದುಃಖ ಹಾಕಿ ಕಳಿಸುತ್ತಾರೆ.

ಗಂಡ ತೀರಿದಾಗ ನೀಲವ್ವನೂ ಹಾಗೇ ಹಂಚಿದಳು. ಡಬ್ಬಿ ತೆರೆದವರೆಲ್ಲ ಅತ್ತರು. ನಲ್ಲಿಯ ಸರದಿಗಾಗಿ ಆತನೊಂದಿಗೆ ಸದಾ ಜಗಳಾಡುತ್ತಿದ್ದ ಪಕ್ಕದ ಮನೆಯ ಶಾಂತವ್ವನದೇ ಎಲ್ಲರಿಗಿಂತ ದೊಡ್ಡ ಅಳು. ಇತ್ತ ಎದೆ ಹಗುರಾದ ನೀಲವ್ವನಿಗೆ ಗಂಡನ ಗೊರಕೆ ನೆನಪಾಗಿ ನಗು ಉಕ್ಕಿತು.

ಶಾಂತವ್ವ ಮತ್ತೆ ಡಬ್ಬಿ ತುಂಬ ಝುಣಕ ತಂದಳು. "ಇನ್ನೊಂದ್ ಸೌಟು ಹಾಕ್ ಯಕ್ಕಾ, ತಡಕೋತೀನಿ."

ನೀಲವ್ವ ದುಃಖದ ಬೋಗುಣಿಯನ್ನು ಸೆರಗಿನಿಂದ ಮುಚ್ಚಿದಳು. "ತಳದಾಗ ಉಳದದ್ದು ನಂದು. ಯಾರಿಗೂ ಕೊಡಂಗಿಲ್ಲ."

"ಮತ್ತ ಖಾಲಿ ಡಬ್ಬಿ ಕೊಡ್ತೀಯೇನ?"

ನೀಲವ್ವ ಉಕ್ಕುತ್ತಿದ್ದ ನಗುವನ್ನೇ ಅದರಲ್ಲಿ ಒತ್ತಿ ತುಂಬಿಕೊಟ್ಟಳು.

ಸಂಜೆ ಶಾಂತವ್ವ ನಲ್ಲಿಯ ಮುಂದೆ ಮುಚ್ಚಳ ತೆಗೆದಳು. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊಡ ತುಂಬಿ ಹರಿಯುತ್ತಿತ್ತು. ಸರದಿ ಯಾರದೆಂದು ಯಾರೂ ಕೇಳಲಿಲ್ಲ.