ಬಟ್ಟೆ ಒಗೆಯುವ ಕಲ್ಲು

ಬಚ್ಚಲ ಹಿಂದಿನ ಬಟ್ಟೆ ಒಗೆಯುವ ಕಲ್ಲನ್ನು ಮುದ್ದಯ್ಯ ಹಾರೆ ಹಾಕಿ ಮೀಟಿದ. ಕಲ್ಲು ಮಗುಚಿತು. ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳು, ಅವನ ಹೆಂಡತಿ ಚಿಕ್ಕಬೋರಮ್ಮ ಹೇಳಿದ ಹಾಗೆಯೇ.

ಮುದ್ದಯ್ಯ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿರುವ ಬಿಳಿಯರ ಸಮಾಧಿಗಳ ಕಾವಲುಗಾರ. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರ ಕಾವೇರಿ ಪ್ರವಾಹದಲ್ಲಿ ಮೂಲೆಯ ಸಮಾಧಿಯೊಂದರ ಕಲ್ಲು ಕೊಚ್ಚಿಹೋಗಿತ್ತು. ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ ಯಾರೂ ಕೇಳಲೂ ಇಲ್ಲ. ಈಗ ಕಚೇರಿಗೆ ಕಾಗದ ಬಂದಿತ್ತು. ಪೆಸಿಫಿಕ್ ಸಾಗರದ ಯಾವುದೋ ದ್ವೀಪದಿಂದ ಮುದುಕಿ ದೊರೆಸಾನಿಯೊಬ್ಬಳು ಅದೇ ಮೂಲೆ ನೋಡಲು ಬರುತ್ತಾಳೆ. ಅಲ್ಲಿರುವವನು ಅವಳ ತಾತ. ಮೈಸೂರಿಗೆ ಹೊರಟವನು ನಡುದಾರಿಯಲ್ಲಿ ಜ್ವರ ಬಂದು ಇಲ್ಲೇ ತೀರಿಕೊಂಡನಂತೆ.

ಗಂಡನ ಮುಖ ನೋಡಲಾರದೆ ಚಿಕ್ಕಬೋರಮ್ಮ ಬಾಯಿಬಿಟ್ಟಿದ್ದಳು. ಪ್ರವಾಹ ಇಳಿದ ಮೇಲೆ ಕೆಸರಿನಲ್ಲಿ ಸಿಕ್ಕಿದ ದುಂಡು ತಲೆಯ ಕಲ್ಲನ್ನು ಅವಳೇ ತಂದು, ನುಣುಪು ಮಗ್ಗುಲು ಮೇಲೆ ಮಾಡಿ ಹಾಕಿಕೊಂಡಿದ್ದಳು.

“ಸತ್ತೋರ ಕಲ್ಲಿನ್ ಮ್ಯಾಲೆ ಎರಡು ವರ್ಸ ನಿನ್ ಲಂಗೋಟಿ ಒಗ್ದಿವ್ನಿ ಕಣಯ್ಯ. ಆ ಪುಣ್ಯಾತ್ಮ ಸುಮ್ಕಿದ್ದಾನಾ?”

“ಬಾಯ್ ಮುಚ್ಕಂಡ್ ಆ ಕಡೆ ಹಿಡ್ಕ.”

ಉರುಳಿಸಿಕೊಂಡು ಹೋಗಿ ನೆಟ್ಟರು. ಇಬ್ಬರಿಗೂ ಓದು ಬಾರದು. ಓದು ಬಲ್ಲವರನ್ನು ಕೇಳಿದರೆ ಗುಟ್ಟು ಬಯಲು.

ಮೂರನೆಯ ದಿನ ಸಿದ್ದರಾಜುವಿನ ಜಟಕಾದಲ್ಲಿ ದೊರೆಸಾನಿ ಬಂದಳು. ಸಿದ್ದರಾಜುವಿಗೆ ಇಂಗ್ಲಿಷ್ ಮಾತು ಬರುತ್ತಿತ್ತು, ಕಿವಿಯಲ್ಲಿ ಕೇಳಿ ಕಲಿತದ್ದು, ಅಕ್ಷರ ಬಾರದು. ಅವಳು ಮೊಣಕಾಲೂರಿ, ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬುಡದ ಹಸಿ ಮಣ್ಣನ್ನು ನೋಡಿದಳು. ಆಮೇಲೆ ಮುದ್ದಯ್ಯನ ಮುಖವನ್ನು. ಅವಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಭುಜಗಳು ಬಹಳ ಹೊತ್ತು ಕುಲುಕಿದವು.

ಕಣ್ಣೊರೆಸಿಕೊಂಡು ಅವಳು ಹೇಳಿದ್ದನ್ನು ಸಿದ್ದರಾಜು ತಿಳಿಸಿದ.

“ಅವ್ರ ದ್ವೀಪದಾಗೂ ಹಳೇ ಚರ್ಚುಗಳು ಅವಂತೆ, ಎಲ್ಲಾನೂ ಸುತ್ತವ್ರಂತೆ. ಅಲ್ಲಿ ಸಮಾಧಿ ಕಲ್ಲು ಸಮುದ್ರದ ಪಾಲಾದ್ರೆ ಕೇಳೋರಿಲ್ವಂತೆ. ನೀನು ಬೋ ಮುತುವರ್ಜಿ ಮನುಸ ಅಂತವ್ರೆ.” ಅವನು ತಲೆ ಕೆರೆದುಕೊಂಡ. “ಇನ್ನೊಂದ್ ಮಾತು ನಂಗೂ ಅರ್ಥ ಆಗ್ನಿಲ್ಲ ಕಣ್ಲಾ. ತಾತ ಇನ್ನೆಷ್ಟು ದೂರ ಹೋಗ್ಬೇಕಿತ್ತು ಅಂತ ಇವತ್ತು ತಿಳೀತಂತೆ.”

ಕಲ್ಲಿನ ಬುಡಕ್ಕೆ ಹೂವಿಟ್ಟು ಅವಳು ಹೊರಟುಹೋದಳು. ಕಚೇರಿಯಲ್ಲಿ ದೂರೇನೂ ಹೇಳಲಿಲ್ಲ. ಕೆಲಸ ಉಳಿಯಿತು. ಕಲ್ಲು ಬೇರೆಯವರದಾಗಿದ್ದರೆ, ಓದು ಬಲ್ಲವಳು ಹಾಗೆ ಅಳುತ್ತಿದ್ದಳೇ? ಮುದ್ದಯ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಚಿಕ್ಕಬೋರಮ್ಮನಿಗೆ ಸಮಾಧಾನವಿರಲಿಲ್ಲ. ಅನ್ನ ಸೇರುತ್ತಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯರ ಜೊತೆ ಆ ದೊರೆಗೂ ಒಂದು ಎಡೆ ಇಟ್ಟು ತಪ್ಪಾಯಿತೆನ್ನಬೇಕು ಎಂದು ಹಟ ಹಿಡಿದಳು. ಎಡೆಯಿಟ್ಟರೆ ಹೆಸರು ಹಿಡಿದು ಕೂಗಬೇಕು. ಹೆಸರು ಓದಿಸಲು ಗಂಜಾಮಿನ ಶಾಲೆಯ ಟೀಚರ್ ಅಣ್ಣಮ್ಮನನ್ನು ಕರೆತಂದಳು.

ಸಮಾಧಿಯ ಕಲ್ಲಿನ ಮುಂದೆ ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು ಬಡಿಸಿಯಾಗಿತ್ತು. ಗಂಡಹೆಂಡಿರು ಕೈಮುಗಿದು ನಿಂತರು. ಅಣ್ಣಮ್ಮ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು:

“ಮೈಸೂರು, ಒಂಬತ್ತು ಮೈಲಿ.”