ಹಿಂದೆ ಉಳಿದವನು

ನಾಲ್ಕು ಅಂಕದ ಮುನ್ನಡೆ, ಇಪ್ಪತ್ತೆರಡು ಸೆಕೆಂಡು ಬಾಕಿ. ಎದುರಾಳಿ ಕಾಲೇಜಿನವರು ಚೆಂಡನ್ನು ಇನ್ನು ನಲವತ್ತು ಗಜ ದಾಟಿಸಿ ಗೆರೆ ಮುಟ್ಟಿಸಿದರೆ ಆಟ ಅವರದು. ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದ ಮುದಿ ಕೋಚ್ ವರ್ಲಿನ್‌ನ ಕಿವಿಯ ಹೆಡ್‌ಫೋನಿನೊಳಗೆ, ಕೆಳಗಿನಿಂದ ಮುಖ್ಯ ಕೋಚ್ ಟ್ರೆಂಟ್ ಕೂಗಿದ.

“ಈ ಸಲವಾದ್ರೂ ಎಲ್ಲಾರ್ನೂ ಮುಂದಕ್ಕೆ ನುಗ್ಸಿ ವರ್ಲಿನ್! ಚೆಂಡು ಎಸೆಯೋನಿಗೆ ಉಸಿರಾಡಕ್ಕೇ ಬಿಡ್ಬಾರ್ದು.”

“ಎಲ್ಲಾರೂ ನುಗ್ಗಿದ್ರೆ ಹಿಂದೆ ಮಾರ್ಕೆಲ್ ಒಬ್ನೇ ಉಳೀತಾನೆ.”

“ಉಳೀಲಿ ಬಿಡಿ. ಹೋದ ವಾರ ಹುಡುಗ್ರನ್ನ ಹಿಂದೆ ನಿಲ್ಸಿ ಕದ ಹಾಕ್ಕೊಂಡು ಕೂತಿದ್ರಲ್ಲ, ಏನು ಕಡಿದು ಕಟ್ಟೆ ಹಾಕಿದ್ರಿ? ಆಗಲ್ಲ ಅಂದ್ರೆ ಹೇಳಿ, ಸೋಮವಾರದಿಂದ ಆ ಕುರ್ಚೀಲಿ ಬೇರೆಯವ್ರು ಕೂರ್ತಾರೆ.”

ಅಮೆರಿಕದ ಅಯೋವಾದ ಆ ಸಣ್ಣ ಕಾಲೇಜಿನಲ್ಲಿ, ಚೆಂಡನ್ನು ಕೈಯಲ್ಲಿ ಎಸೆದು ಹಿಡಿದು ಆಡುವ ಅಲ್ಲಿನ ಫುಟ್‌ಬಾಲ್‌ನ ಹುಡುಗರಿಗೆ ವರ್ಲಿನ್ ಮೂವತ್ತೊಂದು ವರ್ಷದಿಂದ ಕಾವಲು ಕಲಿಸುತ್ತ ಬಂದಿದ್ದ. ನಾಲ್ವರು ಮುಂದೆ, ಉಳಿದವರು ಹಿಂದೆ, ಎಲ್ಲರಿಗಿಂತ ಹಿಂದೆ ಇಬ್ಬರ ಜೋಡಿ; ಈಗ ಆ ಜೋಡಿಯಲ್ಲೊಬ್ಬ ಮಾರ್ಕೆಲ್. ಎದುರಾಳಿ ಐದು ಗಜ ತಿಂದರೆ ತಿನ್ನಲಿ, ಐವತ್ತು ತಿನ್ನಬಾರದು. ಹಾಗೆ ಆಡಿ ಸೋತ ದಿನ ಊರಿನ ಜನ ಯಾವ ಹುಡುಗನ ಹೆಸರನ್ನೂ ಎತ್ತುತ್ತಿರಲಿಲ್ಲ. ಬೈಗುಳವೆಲ್ಲ ವರ್ಲಿನ್‌ಗೇ. ಅವನು ಕಾಲಿಟ್ಟರೆ ಕ್ಷೌರದಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು. ಅದೂ ಒಗ್ಗಿಹೋಗಿತ್ತು. ಆದರೆ ಈ ಕುರ್ಚಿ ಬಿಟ್ಟರೆ ಹೋಗಿ ಕೂರಲು ಅವನಿಗೆ ಬೇರೆ ಜಾಗವಿರಲಿಲ್ಲ.

“ನುಗ್ಲಿ,” ಎಂದ.

ನುಗ್ಗಿದರು. ಎಸೆಯುವವನು ಬೀಳುತ್ತ ಬೀಳುತ್ತಲೇ ಚೆಂಡನ್ನು ಎತ್ತರಕ್ಕೆ ತೂರಿಬಿಟ್ಟ. ಮೇಲಿನಿಂದ ನೋಡಿದರೆ ಅಷ್ಟಗಲದ ಹುಲ್ಲಿನಲ್ಲಿ ಅದರ ಹಿಂದೆ ಇಬ್ಬರೇ ಓಡುತ್ತಿದ್ದರು: ಎದುರಾಳಿಯವನೊಬ್ಬ ಮತ್ತು ಮಾರ್ಕೆಲ್. ಮಾರ್ಕೆಲ್ ಒಂದು ಹೆಜ್ಜೆ ಹಿಂದಿದ್ದ. ಆ ಒಂದು ಹೆಜ್ಜೆಯ ಅಂತರ ಕೊನೆಗೂ ತುಂಬಲಿಲ್ಲ; ಚೆಂಡು ಗೆರೆ ಮುಟ್ಟಿತು, ಆಟ ಕೈಬಿಟ್ಟಿತು.

ವರ್ಲಿನ್ ಮೆಟ್ಟಿಲಿಳಿದು ಬರುವಷ್ಟರಲ್ಲಿ ಟ್ರೆಂಟ್ ರೇಡಿಯೊದವರ ಮುಂದೆ ನಿಂತಿದ್ದ. “ನಮ್ಮ ಆಟ ಸರಿಯಾಗೇ ಇತ್ತು. ಹುಡುಗ ಒಂದು ಹೆಜ್ಜೆ ತಡ ಮಾಡ್ದ, ಅಷ್ಟೇ.”

ಜನ ಕರಗಿದರೂ ಮಾರ್ಕೆಲ್ ಹೆಲ್ಮೆಟ್ ತೆಗೆಯದೆ ಮೈದಾನದ ಆ ತುದಿಯಲ್ಲೇ ನಿಂತಿದ್ದ. ಜೊತೆಯ ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋದರು, ಯಾರೂ ಅತ್ತ ಸುಳಿಯಲಿಲ್ಲ. ವರ್ಲಿನ್ ಚಳಿಯಲ್ಲಿ ಮೈದಾನದುದ್ದಕ್ಕೂ ನಡೆದು ಅವನ ಬಳಿ ನಿಂತ.

“ನಿನ್ನೊಬ್ಬನ್ನೇ ಬಿಟ್ಟೋನು ನಾನು ಕಣೋ. ತಪ್ಪು ನಂದು.”

“ಅದಲ್ಲ ಕೋಚ್. ಅವನಿಗಿಂತ ನಾನೇ ಜೋರಾಗಿ ಓಡ್ತೀನಿ.” ಹುಡುಗ ತಲೆಯೆತ್ತಲಿಲ್ಲ. “ಓಡೋಕ್ ಮುಂಚೆ ಒಂದ್ಸಲ ಪಕ್ಕಕ್ಕೆ ತಿರುಗಿ ನೋಡ್ಬಿಟ್ಟೆ. ಮೂರು ವರ್ಷದಿಂದ ನೀವೇ ಹೇಳ್ಕೊಟ್ಟಿದ್ದಲ್ವಾ, ಮೊದ್ಲು ನಿನ್ ಜೊತೆಯವ್ನು ಎಲ್ಲಿದಾನೆ ನೋಡ್ಕೋ ಅಂತ.”